ದಿನ ತುಂಬಿದ ಮೇಲೆ

ಚೊಚ್ಚಲ ಬಸುರಿಯಿರುವ ಮನೆಯಲ್ಲಿ ಎಲ್ಲರ ಕಣ್ಣೂ ವೈದ್ಯರು ಬರೆದುಕೊಟ್ಟ ಒಂದು ತಾರೀಖಿನ ಮೇಲೆ ನೆಟ್ಟಿರುತ್ತದೆ. ಬಾಣಂತಿಯ ಕೋಣೆಗೆ ಸುಣ್ಣ ಬಳಿದುದಾಗಿದೆ. ಹಳೆಯ ಹತ್ತಿಯ ಸೀರೆಗಳನ್ನು ಒಗೆದು ಮಡಿಸಿಟ್ಟುದಾಗಿದೆ. ಮೆಣಸು, ಓಮ, ಶುಂಠಿಗಳು ಬಿಸಿಲಿನಲ್ಲಿ ಒಣಗಿ ಡಬ್ಬಿ ಸೇರಿವೆ. ಆ ತಾರೀಖು ಬಂದು ಹೋಗುತ್ತದೆ. ನೋವಿನ ಸುಳಿವೇ ಇಲ್ಲ. ಮರುದಿನದಿಂದ ನೆರೆಯವರು “ಆಯಿತೇ?” ಎಂದು ಕೇಳತೊಡಗುತ್ತಾರೆ. ಪರಊರಿನಲ್ಲಿ ಉದ್ಯೋಗದಲ್ಲಿರುವ ಅಳಿಯನು ದಿನಕ್ಕೆ ನಾಲ್ಕು ಸಲ ಫೋನು ಮಾಡುತ್ತಾನೆ. ಬಸುರಿಯಾದರೋ, ತನ್ನದೇ ಏನೋ ತಪ್ಪೆಂಬಂತೆ ಮುಖ ಬಾಡಿಸಿಕೊಂಡು ಕುಳಿತಿರುತ್ತಾಳೆ.

ಇಂಥ ಮನೆಯವರಿಗಾಗಿ ನಾವು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ. ತಾರೀಖು ದಾಟಿದ ಒಡನೆಯೇ ಹೆದರಬೇಕಾದುದಿಲ್ಲ. ಆದರೆ ಕಾಯುವುದಕ್ಕೂ ಒಂದು ಗಡಿಯುಂಟು. ಅದನ್ನು ಅರಿಯದೆ ಸುಮ್ಮನಿರುವುದು ಅಪಾಯ.

ಮೊದಲು ಈ ತಾರೀಖು ಹೇಗೆ ಬಂತೆಂಬುದನ್ನು ನೋಡೋಣ. ಜರ್ಮನಿಯ ಹೈಡೆಲ್‌ಬರ್ಗಿನಲ್ಲಿದ್ದ ಪ್ರಸೂತಿ ವೈದ್ಯ ಫ್ರಾನ್ಸ್ ನೇಗೆಲೆಯ (1778–1851) ಹೆಸರಿನಲ್ಲಿ ಪ್ರಸಿದ್ಧವಾದ ಲೆಕ್ಕವೊಂದುಂಟು. ಕಡೆಯ ಮುಟ್ಟಿನ ಮೊದಲನೆಯ ದಿನಕ್ಕೆ ಏಳು ದಿನ ಕೂಡಿಸಿ, ಅಲ್ಲಿಂದ ಮೂರು ತಿಂಗಳು ಹಿಂದಕ್ಕೆ ಎಣಿಸಿದರೆ ಮುಂದಿನ ವರ್ಷದ ಆ ದಿನವೇ ಹೆರಿಗೆಯ ದಿನವೆಂದು ಗೊತ್ತುಮಾಡುತ್ತಾರೆ. ಜನವರಿ 10ರಂದು ಮುಟ್ಟಾಗಿದ್ದರೆ ಅಕ್ಟೋಬರ್ 17 ಎಂದಾಯಿತು. ಒಟ್ಟು 280 ದಿನ, ಎಂದರೆ 40 ವಾರ. ನಮ್ಮ ಹಿರಿಯರು ಹೇಳುವ ‘ಒಂಬತ್ತು ತಿಂಗಳು ಒಂಬತ್ತು ದಿನ’ವೂ ಇದಕ್ಕೆ ಬಹಳ ದೂರವಲ್ಲ. ಆದರೆ ಇದು ಅಂದಾಜೇ ಹೊರತು ಮಗು ಕೊಟ್ಟ ಮಾತಲ್ಲ. ಗೊತ್ತಾದ ದಿನದಂದೇ ಹುಟ್ಟುವ ಮಕ್ಕಳು 100ರಲ್ಲಿ ನಾಲ್ಕೋ ಐದೋ ಮಾತ್ರ. 37 ವಾರ ತುಂಬಿದಲ್ಲಿಂದ 42 ವಾರದೊಳಗೆ ಯಾವಾಗ ಬೇಕಾದರೂ ಹೆರಿಗೆಯಾಗಬಹುದು. ಚೊಚ್ಚಲ ಮಕ್ಕಳು ಸರಾಸರಿಯಲ್ಲಿ ಕೊಂಚ ತಡವಾಗಿಯೇ ಬರುತ್ತವೆ.

ಮುಟ್ಟು ತಿಂಗಳಿಗೆ ಸರಿಯಾಗಿ ಆಗದವರಲ್ಲಿ ಮೇಲಿನ ಲೆಕ್ಕ ತಪ್ಪುವುದುಂಟು. ಅಂಥವರಿಗೆ ಮೊದಲ ಮೂರು ತಿಂಗಳೊಳಗೆ ಮಾಡಿಸಿದ ಸ್ಕ್ಯಾನಿನ ತಾರೀಖೇ ಹೆಚ್ಚು ನಂಬತಕ್ಕದ್ದು. ಆಮೇಲಿನ ಸ್ಕ್ಯಾನುಗಳಲ್ಲಿ ಬೇರೆ ಬೇರೆ ತಾರೀಖುಗಳನ್ನು ಕಂಡು ಮನೆಯವರು ಗಲಿಬಿಲಿಗೊಳ್ಳುತ್ತಾರೆ. ಮಗುವಿನ ಗಾತ್ರದಿಂದ ಮಾಡಿದ ಆ ಅಂದಾಜಿಗೆ ಮೊದಲಿನದನ್ನು ಬದಲಿಸಬೇಕಾಗಿಲ್ಲ. ಮೊದಲ ಸ್ಕ್ಯಾನಿನ ಕಾಗದವನ್ನು ತಾಯಿ ಕಾರ್ಡಿನೊಡನೆ ಜೋಪಾನವಾಗಿಟ್ಟುಕೊಂಡಿರುವುದು ಇದಕ್ಕಾಗಿಯೇ ಲೇಸು.

ಹಾಗಾದರೆ ಗಡಿ ಯಾವುದು? ಗೊತ್ತಾದ ತಾರೀಖಿಗೆ ಏಳು ದಿನ ಕೂಡಿಸಿದರೆ 41 ವಾರ. ಹದಿನಾಲ್ಕು ದಿನ ಕೂಡಿಸಿದರೆ 42 ವಾರ. ಮಗುವಿಗೆ ಅನ್ನ ಉಸಿರುಗಳನ್ನು ಒದಗಿಸುವ ಮಾಸು ಈ ಕಾಲಕ್ಕೆ ಮೊದಲಿನಷ್ಟು ಚೆನ್ನಾಗಿ ಕೆಲಸ ಮಾಡದೆ ಹೋಗಬಹುದು. ಮಗುವನ್ನು ಸುತ್ತಿರುವ ನೀರು ಕಡಿಮೆಯಾಗಬಹುದು. ಮಗು ಒಳಗೇ ಮಲ ಬಿಟ್ಟು, ಆ ನೀರು ಹಸುರಾಗಿ ಅದರ ಶ್ವಾಸಕೋಶವನ್ನು ಸೇರಲೂಬಹುದು. ಸ್ವೀಡನ್ ದೇಶದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯನ್ನು ವಾಚಕರು ಗಮನಿಸಬೇಕು. ಅದರಲ್ಲಿ 2,760 ಮಂದಿ ಗರ್ಭಿಣಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 41 ವಾರಕ್ಕೆ ಔಷಧದಿಂದ ನೋವು ಬರಿಸಿದರು. ಇನ್ನೊಂದು ಗುಂಪಿನವರನ್ನು 42 ವಾರದವರೆಗೆ ಕಾಯಿಸಿದರು. ಮೊದಲ ಗುಂಪಿನಲ್ಲಿ ಒಂದು ಶಿಶುವೂ ಸಾಯಲಿಲ್ಲ. ಕಾದ ಗುಂಪಿನಲ್ಲಿ 6 ಶಿಶುಗಳು ಹೋದವು. ವೈದ್ಯರು ಪರೀಕ್ಷೆಯನ್ನು ಅರ್ಧದಲ್ಲಿಯೇ ನಿಲ್ಲಿಸಿಬಿಟ್ಟರು. ಕಾದವರಲ್ಲಿಯೂ ಬಹುಪಾಲು ಮಕ್ಕಳು ಕ್ಷೇಮವಾಗಿಯೇ ಹುಟ್ಟಿದವು, ನಿಜ. ಆದರೆ ಹೋದ ಮಗು ಯಾರ ಮನೆಯದಾದರೂ ಆಗಬಹುದು. 41 ವಾರ ತುಂಬಿದುದು ಖಚಿತವಾದರೆ ನೋವು ಬರಿಸುವುದು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಸಲಹೆ ಮಾಡಿದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಮುಂತಾದುವುಳ್ಳವರಿಗೆ ಅಷ್ಟು ದಿನವೂ ಕಾಯುವಂತಿಲ್ಲ. ಅವರು ವೈದ್ಯರು ಹೇಳಿದಂತೆ ನಡೆಯತಕ್ಕದ್ದು.

“ಔಷಧ ಕೊಟ್ಟು ನೋವು ಬರಿಸಿದರೆ ಕಡೆಗೆ ಆಪರೇಷನ್ನೇ ಗತಿ” ಎಂಬ ಭಯ ನಮ್ಮ ಮನೆಗಳಲ್ಲಿ ಬಹಳವಾಗಿದೆ. 2020ರಲ್ಲಿ ಇಂಥ 34 ಪರೀಕ್ಷೆಗಳನ್ನು, 21,000ಕ್ಕೂ ಮೇಲ್ಪಟ್ಟ ಗರ್ಭಿಣಿಯರ ವಿವರಗಳನ್ನು ಒಟ್ಟುಗೂಡಿಸಿ ನೋಡಿದಾಗ, ನೋವು ಬರಿಸಿದವರಲ್ಲಿ ಆಪರೇಷನ್ ಹೆಚ್ಚಿರಲಿಲ್ಲ. ಕೊಂಚ ಕಡಿಮೆಯೇ ಇದ್ದಿತು. ಇದಕ್ಕೆ ಬಳಸುವ ಆಕ್ಸಿಟೋಸಿನ್ ನಮ್ಮ ಮೈಯಲ್ಲಿಯೇ ಹುಟ್ಟುವ ವಸ್ತು. ಅಮೆರಿಕದ ವಿನ್ಸೆಂಟ್ ಡು ವಿನ್ಯೋ ಎಂಬ ವಿಜ್ಞಾನಿ 1953ರಲ್ಲಿ ಅದನ್ನು ಕೃತಕವಾಗಿ ತಯಾರಿಸಿದನು. 1955ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂದಿತು. ಆದರೆ ಆ ಚುಚ್ಚುಮದ್ದನ್ನು ಆಸ್ಪತ್ರೆಯಲ್ಲಿ ಮಗುವಿನ ಎದೆಬಡಿತವನ್ನು ನೋಡುತ್ತ ಕೊಡಬೇಕೇ ವಿನಾ, ಮನೆಯಲ್ಲಿ ಯಾರ ಕೈಯಲ್ಲಿಯೂ ಹಾಕಿಸಿಕೊಳ್ಳಲಾಗದು. ಹಾಗೆ ಮಾಡಿದರೆ ಗರ್ಭಕೋಶವೇ ಹರಿಯಬಹುದು.

ಈ ಕಾಯುವ ದಿನಗಳಲ್ಲಿ ಬಸುರಿಯು ಮಾಡಬೇಕಾದ ಮುಖ್ಯ ಕೆಲಸವೊಂದೇ: ಮಗುವಿನ ಆಟವನ್ನು ಗಮನಿಸುವುದು. “ಅಮ್ಮಾ, ಬೆಳಗಿನಿಂದ ಮಗು ಅಷ್ಟಾಗಿ ಆಡುತ್ತಿಲ್ಲ” ಎಂದು ಮಗಳು ಹೇಳಿದರೆ, “ದಿನ ತುಂಬಿದ ಮೇಲೆ ಹಾಗೆಯೇ ಕಣೇ, ಜಾಗ ಸಾಲದು” ಎಂದು ತಾಯಿ ಸಮಾಧಾನ ಹೇಳುವುದನ್ನು ನಾವು ಕೇಳಿದ್ದೇವೆ. ಪ್ರೀತಿಯಿಂದ ಆಡಿದ ಈ ಮಾತು ಸರಿಯಲ್ಲ. ಹೆರಿಗೆಯ ದಿನದವರೆಗೂ ಮಗು ತನ್ನ ವಾಡಿಕೆಯಂತೆ ಆಡುತ್ತಲೇ ಇರಬೇಕು. ಆಟ ಕಡಿಮೆಯಾದರೆ ಬೆಳಗಾಗಲೆಂದು ಕಾಯದೆ ಆಗಲೇ ಆಸ್ಪತ್ರೆಗೆ ಹೋಗಬೇಕು. ರಕ್ತ ಕಂಡರೆ, ನೀರೊಡೆದರೆ, ಜ್ವರ ಬಂದರೆ, ತಲೆನೋವಿನೊಡನೆ ಕಣ್ಣು ಮಂಜಾದರೆ ಸಹ ಹಾಗೆಯೇ.

ಹರಳೆಣ್ಣೆ ಕುಡಿಸಿದರೆ ಬೇಗ ಹೆರಿಗೆಯಾಗುವುದೆಂಬ ನಂಬಿಕೆ ಹಳೆಯದು. ಅದರಿಂದ ಮುಖ್ಯವಾಗಿ ಭೇದಿಯೂ ವಾಕರಿಕೆಯೂ ಆಗಿ, ಹೆರುವ ಶಕ್ತಿಯೇ ಕುಗ್ಗುತ್ತದೆ. ಹಿತವಾಗಿ ನಡೆದಾಡುವುದು, ಹೊತ್ತಿಗೆ ಸರಿಯಾಗಿ ಉಣ್ಣುವುದು, ಮಲಗುವಾಗ ಮಗ್ಗುಲಾಗಿ ಮಲಗುವುದು, ಇಷ್ಟು ಸಾಕು. ಇನ್ನು ಕೆಲವರು ಅಮಾವಾಸ್ಯೆ ಕಳೆಯಲಿ, ಮೂಲಾ ನಕ್ಷತ್ರ ದಾಟಲಿ ಎಂದು ಆಸ್ಪತ್ರೆಗೆ ಹೋಗುವುದನ್ನು ಮುಂದೂಡುತ್ತಾರೆ. ಒಳ್ಳೆಯ ಗಳಿಗೆಯನ್ನು ಹುಡುಕಲು ನಾಮಕರಣ ಮೊದಲಾದ ಸಂದರ್ಭಗಳು ಬೇಕಾದಷ್ಟಿವೆ. ಮಗುವಿನ ಪ್ರಾಣದ ವಿಷಯದಲ್ಲಿ ಅದು ಬೇಡ.

ಮನೆಯ ಹಿರಿಯರಲ್ಲಿ ನಮ್ಮದೊಂದು ಬಿನ್ನಹ. ಕೇಳುವವರಿಗೆಲ್ಲ ಉತ್ತರ ಕೊಡುವ ಹೊಣೆಯನ್ನು ನಿಮ್ಮಲ್ಲೊಬ್ಬರು ವಹಿಸಿಕೊಳ್ಳಿರಿ. ಆ ಪ್ರಶ್ನೆ ಬಸುರಿಯ ಕಿವಿಗೆ ಬೀಳದಿರಲಿ. ಗಂಡನಾದವನು ದೂರದಿಂದ “ಇನ್ನೂ ಏಕೆ ಆಗಲಿಲ್ಲ?” ಎಂದು ಕೇಳುವ ಬದಲು ರಜೆ ಪಡೆದು ಒಂದೆರಡು ದಿನವಾದರೂ ಹೆಂಡತಿಯ ಬಳಿಯಲ್ಲಿರಲಿ, ವೈದ್ಯರ ಮಾತನ್ನು ಅವಳೊಡನೆ ಕುಳಿತು ಕೇಳಲಿ. 41 ವಾರ ತುಂಬುವ ದಿನವನ್ನು ಇಂದೇ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿರಿ. ಆ ದಿನ ಏನು ಮಾಡಬೇಕೆಂದು ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಿರಿ. ರಾತ್ರಿ ಹೊರಡಬೇಕಾಗಿ ಬಂದರೆ ವಾಹನ ಯಾವುದು, ಮನೆಯಲ್ಲಿ ಯಾರಿರುವರು ಎಂಬುದೂ ಗೊತ್ತಾಗಿರಲಿ; 108ಕ್ಕೆ ಫೋನು ಮಾಡಿದರೆ ಆಂಬುಲೆನ್ಸು ಹಣವಿಲ್ಲದೆ ಬರುವುದೆಂಬುದು ನೆನಪಿರಲಿ. ಇಷ್ಟನ್ನು ಅಣಿಮಾಡಿಕೊಂಡ ಮನೆಯಲ್ಲಿ ಮನಸ್ಸು ತಾನಾಗಿ ಹಗುರವಾಗುವುದು. ನಮ್ಮ ವಾಚಕರ ಮನೆಗಳಲ್ಲಿ ತಾಯಿಮಕ್ಕಳು ಸುಖವಾಗಿರಲೆಂದು ಹಾರೈಸುತ್ತೇವೆ.