ಕೋವಿಗೆ ಪೆಟ್ಟಿಗೆ

ವಾಚನಾಲಯದ ಪತ್ರಿಕೆಯಲ್ಲಿ ಕೋವಿಯ ಮಾತೇಕೆ ಎಂದು ಕೆಲವರು ಕೇಳಿಯಾರು. ನಮ್ಮಲ್ಲಿಗೆ ಬರುವವರಲ್ಲಿ ಕೊಡಗು, ಚಿಕ್ಕಮಗಳೂರು, ಶಿವಮೊಗ್ಗದ ಕಡೆಯ ಗೆಳೆಯರು ಹಲವರಿದ್ದಾರೆ. ಆ ಕಡೆಯ ಮನೆಗಳಲ್ಲಿ ಬೆಳೆ ಕಾಯುವುದಕ್ಕೆಂದು ಕೋವಿ ಇಟ್ಟುಕೊಳ್ಳುವುದು ಹೊಸ ಸಂಗತಿಯಲ್ಲ. ಮಗ ಹೈದರಾಬಾದಿನಲ್ಲಿ ನೌಕರಿಯಲ್ಲಿರುತ್ತಾನೆ, ಕೋವಿ ಊರಿನಲ್ಲಿರುತ್ತದೆ, ಅದನ್ನು ನೋಡಿಕೊಳ್ಳುವ ತಂದೆಗೆ ವಯಸ್ಸಾಗಿರುತ್ತದೆ. ಅಂಥವರೊಬ್ಬರ ಕಥೆಯಿಂದಲೇ ಈ ಲೇಖನ ಹುಟ್ಟಿತು.

ಕೊಪ್ಪದ ಕಡೆಯ ಈ ಗೆಳೆಯರು ಇಲ್ಲಿಯ ಒಂದು ಕಂಪನಿಯಲ್ಲಿ ಗುಮಾಸ್ತರು. ಅವರ ಮನೆಯಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ಜೋಡಿ ನಳಿಗೆಯ ಕೋವಿಯೊಂದಿದೆ. ಕಾಫಿ ತೋಟ ಮಾರಿ ಸ್ವದೇಶಕ್ಕೆ ಹೊರಟ ದೊರೆಯೊಬ್ಬರಿಂದ ಅಜ್ಜ ಕೊಂಡದ್ದು. ತಂದೆಯವರು ಅದನ್ನು ಒಳಕೋಣೆಯ ಗೋಡೆಯ ಗೂಟಕ್ಕೆ ತೂಗುಹಾಕಿ, ಶನಿವಾರಕ್ಕೊಮ್ಮೆ ಇಳಿಸಿ, ಎಣ್ಣೆಬಟ್ಟೆಯಿಂದ ಒರೆಸಿಡುತ್ತಿದ್ದರು. ಎರಡು ವರ್ಷದ ಹಿಂದೆ ಬೋನಸ್ಸಿನ ಹಣ ಕೈಗೆ ಬಂದಾಗ ನಮ್ಮ ಗೆಳೆಯರು ಗಟ್ಟಿ ಪ್ಲಾಸ್ಟಿಕ್ಕಿನ, ಒಳಗೆ ದಪ್ಪ ಸ್ಪಂಜಿರುವ, ಬೀಗ ಹಾಕುವ ಪೆಟ್ಟಿಗೆಯೊಂದನ್ನು ಕೊಂಡು ತಂದೆಗೆ ಒಯ್ದುಕೊಟ್ಟರು. ಮಗ ಕೊಟ್ಟದ್ದೆಂದು ತಂದೆಯವರು ಮೊದಲ ಮಳೆ ಬಿದ್ದ ವಾರವೇ ಕೋವಿಯನ್ನು ಅದರೊಳಗಿಟ್ಟು ಬೀಗ ಹಾಕಿದರು. ಮತ್ತೆ ತೆಗೆದದ್ದು ಆಯುಧಪೂಜೆಯ ದಿನ. ಸ್ಪಂಜು ತಗುಲಿದಲ್ಲೆಲ್ಲ ನಳಿಗೆಗೆ ತುಕ್ಕು ಹಿಡಿದಿತ್ತು. ಕೋವಿ ರಿಪೇರಿಯವನು ನೋಡಿ, "ಕೆಂಪು ಹೋಗುತ್ತದೆ, ಗುಳಿ ಹೋಗುವುದಿಲ್ಲ. ಇದರಲ್ಲಿ ಇನ್ನು ತೋಟಾ ಹಾಕಬೇಡಿ" ಎಂದನಂತೆ. ತಂದೆಯವರು ಮಗನಿಗೆ ಅಂದದ್ದು ಇಷ್ಟೇ: "ಪೆಟ್ಟಿಗೆ ಚೆನ್ನಾಗಿದೆಯಪ್ಪ. ನಾನೇ ಆಗಾಗ ತೆಗೆದು ನೋಡಬೇಕಿತ್ತು."

"ಅಷ್ಟು ದುಡ್ಡು ಕೊಟ್ಟು ತಂದ ಪೆಟ್ಟಿಗೆ ಹೀಗೆ ಮಾಡಬಹುದೇ, ರಾಯರೇ?" ಎಂದು ಗೆಳೆಯರು ನಮ್ಮನ್ನು ಕೇಳಿದರು. ಮಾಡಬಹುದು. ಏಕೆಂಬುದನ್ನು ನಮ್ಮ ಗಿರಣಿಯ ಲೆಕ್ಕದಿಂದಲೇ ಹೇಳಬಲ್ಲೆವು.

ನೂಲಿನ ವ್ಯಾಪಾರದಲ್ಲಿ ತೇವದ ಲೆಕ್ಕವೊಂದುಂಟು. ಪೂರ್ತಿಯಾಗಿ ಒಣಗಿಸಿದ ನೂರು ಕಿಲೋ ಹತ್ತಿ ನೂಲನ್ನು ಸಾಧಾರಣ ಹವೆಯಲ್ಲಿ ಬಿಟ್ಟರೆ ಅದು ಸುಮಾರು 8.5 ಕಿಲೋ ನೀರನ್ನು ಗಾಳಿಯಿಂದಲೇ ಹೀರಿಕೊಳ್ಳುತ್ತದೆ. ಮುಟ್ಟಿ ನೋಡಿದರೆ ಒಣಗಿದಂತೆಯೇ ಇರುತ್ತದೆ. ಉಣ್ಣೆ ಇದರ ಹೆಚ್ಚುಕಡಿಮೆ ಎರಡರಷ್ಟು ಹೀರುತ್ತದೆ. ಪಾಲಿಯೆಸ್ಟರಿನ ನೂಲು ಅರ್ಧ ಕಿಲೋವನ್ನೂ ಹೀರುವುದಿಲ್ಲ. ಇದು ನೂರಕ್ಕೆ 65 ಪಾಲು ತೇವವಿರುವ ಗಾಳಿಯ ಲೆಕ್ಕ. ಮಲೆನಾಡಿನ ಆಷಾಢದ ಗಾಳಿಯಲ್ಲಿ ಹತ್ತಿಯೂ ಉಣ್ಣೆಯೂ ಇನ್ನೂ ಹೆಚ್ಚು ಹೀರುತ್ತವೆ.

ಈಗ ಪೆಟ್ಟಿಗೆಯ ಒಳಗನ್ನು ಯೋಚಿಸಿರಿ. ಮಳೆಯ ದಿನ ಮುಚ್ಚಿದ ಪೆಟ್ಟಿಗೆಯೊಳಗೆ ಮಳೆಯ ದಿನದ ಗಾಳಿಯೇ ಸೇರಿರುತ್ತದೆ. ಅಸ್ತರಿಯ ಬಟ್ಟೆಯಲ್ಲೋ ಸ್ಪಂಜಿನ ಕಣ್ಣುಗಳಲ್ಲೋ ತೇವ ಕುಳಿತಿರುತ್ತದೆ. ರಾತ್ರಿ ತಂಪಾದಾಗ ಆ ತೇವ ತಣ್ಣಗಾದ ಉಕ್ಕಿನ ಮೇಲೆ ಇಬ್ಬನಿಯಂತೆ ಇಳಿಯುತ್ತದೆ. ಹಿಡಿದವರ ಬೆರಳಿನ ಬೆವರಿನ ಉಪ್ಪು ಅಲ್ಲಿ ಮೊದಲೇ ಇದ್ದರೆ ತುಕ್ಕಿಗೆ ಬೇರೆ ನೆಂಟರು ಬೇಕಿಲ್ಲ. ಗೂಟಕ್ಕೆ ತೂಗಿದ ಕೋವಿಗೂ ಇದೇ ಗಾಳಿ ತಾಕುತ್ತಿತ್ತು, ನಿಜ. ಆದರೆ ಅದರ ಮೇಲೆ ಗಾಳಿ ಆಡುತ್ತಿತ್ತು, ವಾರಕ್ಕೊಮ್ಮೆ ಒಂದು ಕೈ ಬಂದು ಒರೆಸುತ್ತಿತ್ತು. ಪೆಟ್ಟಿಗೆ ಬಂದ ಮೇಲೆ ಆ ಕೈಗೆ ಕೆಲಸವಿಲ್ಲವಾಯಿತು. ಗಾಳಿ ನುಸುಳದಂತೆ ರಬ್ಬರಿನ ಅಂಚಿಟ್ಟ ಪೆಟ್ಟಿಗೆ ಹೊರಗಿನ ನೀರನ್ನು ತಡೆಯುವಷ್ಟೇ ಚೆನ್ನಾಗಿ ಒಳಗಿನ ನೀರನ್ನೂ ಹಿಡಿದಿಡುತ್ತದೆ.

ಆದುದರಿಂದ ನಾವು ಹೇಳುವ ಮೊದಲ ಮಾತು ಇದು: ಪೆಟ್ಟಿಗೆ ಇರುವುದು ಪ್ರಯಾಣಕ್ಕೆ, ವಾಸಕ್ಕಲ್ಲ.

ಹಾಗಾದರೆ ಪೆಟ್ಟಿಗೆಯೇ ಬೇಡವೇ? ಬೇಕು. ಒಳ್ಳೆಯ ಜೋಡಿ ನಳಿಗೆಯ ಕೋವಿ ನೋಡುವುದಕ್ಕೆ ಗಟ್ಟಿ, ಆದರೆ ಬಲು ನಾಜೂಕು. ಹನ್ನೆರಡು ಬೋರಿನ ಕೋವಿಯ ನಳಿಗೆಯ ಒಳಗಲ ಸುಮಾರು 18.5 ಮಿಲಿಮೀಟರು. ಒಂದು ಪೌಂಡು ಸೀಸದಲ್ಲಿ ಹನ್ನೆರಡು ಸಮನಾದ ಗುಂಡು ಎರಕ ಹೊಯ್ದರೆ ಒಂದೊಂದು ಗುಂಡಿನ ಗಾತ್ರ ಅಷ್ಟಾಗುತ್ತದೆ. ಬೋರಿನ ಹೆಸರು ಬಂದದ್ದೇ ಹಾಗೆ. ಕೈಗೆ ಹಗುರವಾಗಲೆಂದು ನಳಿಗೆಯ ನಡುಭಾಗವನ್ನು ತೆಳ್ಳಗೆ ಮಾಡಿರುತ್ತಾರೆ. ಉತ್ತಮ ಕೋವಿಗಳಲ್ಲಿ ಅಲ್ಲಿಯ ಉಕ್ಕು ಒಂದು ಮಿಲಿಮೀಟರಿನಷ್ಟೂ ದಪ್ಪವಿರುವುದಿಲ್ಲ. ಬಸ್ಸಿನ ಮೆಟ್ಟಿಲಿಗೆ ತಾಗಿದರೂ ಸಾಕು, ತಗ್ಗು ಬೀಳುತ್ತದೆ. ತಗ್ಗು ಬಿದ್ದ ನಳಿಗೆಯಿಂದ ಹಾರಿಸುವುದು ಅಪಾಯ.

ಪೆಟ್ಟಿಗೆಗಳಲ್ಲಿ ನಾಲ್ಕು ಬಗೆಯುಂಟು. ಮೊದಲನೆಯದು ಕ್ಯಾನ್ವಾಸಿನ ಗವಸು. ಅಗ್ಗ, ಹಗುರ, ಧೂಳನ್ನೂ ಜನರ ಕಣ್ಣನ್ನೂ ತಡೆಯುತ್ತದೆಯೇ ಹೊರತು ಪೆಟ್ಟನ್ನು ತಡೆಯುವುದಿಲ್ಲ. ಮಳೆಯಲ್ಲಿ ನೆನೆದರೆ ಆ ಕ್ಷಣವೇ ಕೋವಿಯನ್ನು ಹೊರಗೆ ತೆಗೆಯಬೇಕು. ಎರಡನೆಯದು ಕುರಿಯ ತೊಡೆಯ ಆಕಾರದ ತೊಗಲಿನ ಚೀಲ. ಕೋವಿಯನ್ನು ಬಿಚ್ಚಿ ನಳಿಗೆ ಬೇರೆ, ಹಿಡಿ ಬೇರೆಯಾಗಿ ಇಡುವಂಥದು. ಒಯ್ಯಲು ಸುಲಭ, ಆದರೆ ತೊಗಲು ಸ್ವಭಾವತಃ ತೇವ ಹಿಡಿಯುತ್ತದೆ, ಹದ ಮಾಡಿದಾಗಿನ ಉಪ್ಪುಗಳೂ ಅದರಲ್ಲಿ ಉಳಿದಿರಬಹುದು. ಮೂರನೆಯದು ರಾಜರಿಗೂ ನವಾಬರಿಗೂ ಇಂಗ್ಲೆಂಡಿನಿಂದ ಬರುತ್ತಿದ್ದ ಓಕ್ ಮರದ ಪೆಟ್ಟಿಗೆ. ಮೇಲೆ ತೊಗಲು, ಮೂಲೆಗೆ ಹಿತ್ತಾಳೆ, ಒಳಗೆ ಉಣ್ಣೆಯ ಬಟ್ಟೆ, ಒಂದೊಂದು ಭಾಗಕ್ಕೂ ಅಳತೆಯ ಮನೆ. ಬಹಳ ಸೊಗಸು, ಆದರೆ ಓಕ್ ಮರ ಬಿಡುವ ಹುಳಿ ಆವಿ ಮುಚ್ಚಿದ ಜಾಗದಲ್ಲಿ ಲೋಹವನ್ನು ತಿನ್ನುತ್ತದೆ. ಹೊಸ ಪ್ಲೈವುಡ್ಡಿಗೂ ಇದೇ ದೋಷವುಂಟು. ಬಡಗಿಯಿಂದ ಮಾಡಿಸುವವರು ನೆನಪಿಡಬೇಕು. ನಾಲ್ಕನೆಯದು ಗಟ್ಟಿ ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಮಿನದು. ಪೆಟ್ಟು ತಡೆಯುವುದರಲ್ಲಿ ಇದೇ ಮೇಲು. ಇದನ್ನು ಕೊಳ್ಳುವಾಗ ಒಳಗಿನ ಸ್ಪಂಜನ್ನು ಪರೀಕ್ಷಿಸಬೇಕು. ಮೂಲೆಯಲ್ಲೊಂದು ಹನಿ ನೀರು ಬಿಡಿರಿ. ಕುಡಿದುಬಿಟ್ಟರೆ ಬೇಡ, ಹನಿ ಮೇಲೆಯೇ ನಿಂತರೆ ಕೊಳ್ಳಬಹುದು.

ಅಳತೆಯನ್ನು ಅಂಗಡಿಗೆ ಹೋಗುವ ಮೊದಲೇ ಬರೆದುಕೊಂಡು ಹೋಗಬೇಕು. ನಳಿಗೆಯ ಉದ್ದ ಸಾಮಾನ್ಯವಾಗಿ 28 ಅಥವಾ 30 ಅಂಗುಲ. ಪೆಟ್ಟಿಗೆಯ ಒಳ ಉದ್ದ ಅದಕ್ಕಿಂತ ಒಂದು ಅಂಗುಲ ಹೆಚ್ಚಿದ್ದರೆ ಸಾಕು. ಬಿಗಿಯಾಗಿ ತುರುಕಬಾರದು, ಸಡಿಲವಾಗಿ ಅಲುಗಾಡಲೂಬಾರದು. ಪೆಟ್ಟಿಗೆ ಮುಚ್ಚಿ ಕಿವಿಯ ಬಳಿ ಅಲ್ಲಾಡಿಸಿರಿ. ಒಳಗೆ ಸದ್ದಾದರೆ ದಾರಿಯುದ್ದಕ್ಕೂ ಉಕ್ಕು ಮರವನ್ನು ಬಡಿಯುತ್ತಿರುತ್ತದೆ. ಬಿಚ್ಚಿಡುವ ಪೆಟ್ಟಿಗೆಯೇ ಲೇಸು. ಗಾತ್ರ ಚಿಕ್ಕದಾಗುತ್ತದೆ, ಬಿಚ್ಚಿದ ಕೋವಿಯಿಂದ ಅವಘಡವೂ ಆಗುವುದಿಲ್ಲ.

ಊರಿನ ಕೋವಿಗೆ ಪ್ರಯಾಣ ಎಷ್ಟು ಬರುತ್ತದೆ? ಲೈಸೆನ್ಸು ನವೀಕರಣಕ್ಕೆ ಒಮ್ಮೆ. 2019ರ ತಿದ್ದುಪಡಿಯಿಂದ ಅದರ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿದೆ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಲು ಹೇಳಿದರೆ ಒಮ್ಮೆ. ರಿಪೇರಿಗೆ ಒಮ್ಮೆ. ಇಷ್ಟಕ್ಕೆ ಸಾವಿರಾರು ರೂಪಾಯಿಯ ಪೆಟ್ಟಿಗೆ ಬೇಕೇ ಎಂಬುದನ್ನು ಅವರವರು ಯೋಚಿಸಬೇಕು. ಕೈಯಲ್ಲಿ ಹೆಚ್ಚು ದುಡ್ಡಿಲ್ಲದವರು ಅಳತೆಯ ತಗಡಿನ ಟ್ರಂಕು ಮಾಡಿಸಿ, ನೀರು ಹೀರದ ಸ್ಪಂಜನ್ನು ಕತ್ತರಿಸಿ ಹಾಸಿದರೂ ಕೆಲಸ ನಡೆಯುತ್ತದೆ. ಠಾಣೆಗೆ ಒಪ್ಪಿಸುವ ಮೊದಲು ಒಳಗೂ ಹೊರಗೂ ಎಣ್ಣೆ ಸವರಿ, ರಸೀತಿ ಪಡೆಯುವುದನ್ನು ಮರೆಯಬಾರದು.

ಮನೆಯಲ್ಲಿ ಇಡುವ ಬಗೆ ಬೇರೆ. ಗೋಡೆಯ ಗೂಟ ಈಗ ಸಲ್ಲದು. ಮಕ್ಕಳ ಕೈಗೆ ಎಟಕುವುದೂ ಕಳ್ಳರ ಕಣ್ಣಿಗೆ ಬೀಳುವುದೂ ಒಂದೇ ಅಪಾಯ. 2016ರ ಆಯುಧ ನಿಯಮಗಳಂತೆ ಕೋವಿಯನ್ನು ಭದ್ರವಾಗಿಡುವುದು ಲೈಸೆನ್ಸುದಾರರ ಹೊಣೆ. ಬೀಗವಿರುವ ಉಕ್ಕಿನ ಬೀರುವಿನಲ್ಲಿ, ಹೊರಗೋಡೆಗೆ ತಾಗದಂತೆ, ಗವಸಿಲ್ಲದೆ ನಿಲ್ಲಿಸಬೇಕು. ತೋಟಾಗಳಿಗೆ ಬೇರೆ ಬೀಗ. ಬೀರುವಿನಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣವಿಡಿರಿ. ನೀಲಿ ಬಣ್ಣದ್ದಾದರೆ ತೇವ ಕುಡಿದು ಗುಲಾಬಿಯಾಗುತ್ತದೆ. ಬಿಸಿ ಮಾಡಿ ಒಣಗಿಸಿದರೆ ಮತ್ತೆ ನೀಲಿಯಾಗುತ್ತದೆ. ಕೊಬ್ಬರಿ ಎಣ್ಣೆ ಸವರಬೇಡಿ, ಅದು ದಿನ ಕಳೆದಂತೆ ಅಂಟಾಗುತ್ತದೆ. ನಮ್ಮ ಗಿರಣಿಯಲ್ಲಿ ನೂಲಿಗೆಂದು ಗಾಳಿಯನ್ನು ತೇವವಾಗಿಯೇ ಇಡಬೇಕಾಗುತ್ತದೆ. ಅಲ್ಲಿ ಯಂತ್ರಗಳ ಉಕ್ಕನ್ನು ಉಳಿಸುವುದು ತೆಳುವಾದ ಖನಿಜ ಎಣ್ಣೆ ಮತ್ತು ದಿನದ ಒರೆಸುವಿಕೆ. ಕೋವಿಗೂ ಅದೇ ಮದ್ದು.

ಕಾನೂನಿನ ಮಾತೊಂದನ್ನು ದೂರದಲ್ಲಿರುವ ಮಕ್ಕಳು ತಿಳಿದಿರಬೇಕು. 1959ರ ಆಯುಧ ಕಾಯಿದೆಯಂತೆ, ಲೈಸೆನ್ಸಿಲ್ಲದ ಮಗ ತಂದೆಯ ಕೋವಿಯನ್ನು ರಿಪೇರಿಗೋ ನವೀಕರಣಕ್ಕೋ ಒಯ್ಯಬೇಕಾದರೆ ತಂದೆಯವರು ಜೊತೆಯಲ್ಲಿರಬೇಕು, ಇಲ್ಲವೇ ಅವರ ಲಿಖಿತ ಅಪ್ಪಣೆ ಇರಬೇಕು. ಪೆಟ್ಟಿಗೆ ಕೊಟ್ಟವನೆಂಬ ಹಕ್ಕು ಸಾಲದು. ಲೈಸೆನ್ಸುದಾರರು ತೀರಿಕೊಂಡರೆ ಕೋವಿಯನ್ನು ಮನೆಯಲ್ಲಿ ಇಟ್ಟುಕೊಳ್ಳದೆ ತಡಮಾಡದೆ ಠಾಣೆಗೆ ಅಥವಾ ಲೈಸೆನ್ಸು ಪಡೆದ ವ್ಯಾಪಾರಿಗೆ ಒಪ್ಪಿಸಿ, ಆಮೇಲೆ ವಾರಸುದಾರರು ಅರ್ಜಿ ಹಾಕಿಕೊಳ್ಳಬೇಕು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿಯುಂಟು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕದ ಹೈಕೋರ್ಟು ಎತ್ತಿಹಿಡಿಯಿತು. ವಿನಾಯಿತಿ ಇರುವುದು ಲೈಸೆನ್ಸಿನಿಂದ, ಜೋಪಾನದಿಂದಲ್ಲ. ಮಳೆಗಾಲದ ನಡುವೆ ಬರುವ ಕೈಲ್ ಮುಹೂರ್ತದಂದು ಅಲ್ಲಿ ಕೋವಿಗಳನ್ನು ಹೊರತೆಗೆದು, ಶುಚಿಮಾಡಿ, ತೋಕ್ ಪೂವಿಟ್ಟು ಪೂಜಿಸುತ್ತಾರೆ. ವರ್ಷದಲ್ಲಿ ಅತಿ ತೇವದ ತಿಂಗಳುಗಳಲ್ಲೇ ಆಯುಧವನ್ನು ಒಮ್ಮೆ ಕೈಗೆತ್ತಿಕೊಳ್ಳುವಂತೆ ಮಾಡುವ ಈ ಹಬ್ಬದಲ್ಲಿ ಭಕ್ತಿಯ ಜೊತೆಗೆ ವಿವೇಕವೂ ಕಾಣುತ್ತದೆ.

ನಮ್ಮ ಗೆಳೆಯರ ಕೋವಿ ಈಗ ಸದ್ದು ಮಾಡುವುದಿಲ್ಲ. ಆದರೂ ಕಳೆದ ಸಲ ಊರಿಗೆ ಹೋದಾಗ ಅವರು ಅದನ್ನು ಪೆಟ್ಟಿಗೆಯಿಂದ ತೆಗೆದು ಬೀರುವಿನಲ್ಲಿ ನಿಲ್ಲಿಸಿ ಬಂದಿದ್ದಾರೆ. ತಂದೆಯವರು ಶನಿವಾರದ ಒರೆಸುವಿಕೆಯನ್ನು ಮತ್ತೆ ಆರಂಭಿಸಿದ್ದಾರಂತೆ. ಊರಿಗೆ ಏನಾದರೂ ಕೊಂಡೊಯ್ಯುವ ಮಿತ್ರರು ವಸ್ತುವಿನ ಜೊತೆಗೆ ಅದನ್ನು ಬಳಸುವ ಬಗೆಯನ್ನೂ ಹಿರಿಯರ ಪಕ್ಕದಲ್ಲಿ ಕುಳಿತು ತಿಳಿಸಿ ಬರಬೇಕೆಂದು ನಮ್ಮ ವಿನಂತಿ. ಮುಂದಿನ ಮಳೆಗೆ ಮೊದಲು ಒಂದು ಕಾಗದ ಬರೆದು, "ಪೆಟ್ಟಿಗೆ ತೆಗೆದು ನೋಡಿದಿರಾ?" ಎಂದು ಕೇಳಿದರೂ ಆದೀತು.