ಜೇಬಿನ ವೇಪ್: ಯಂತ್ರ ಇರಲಿ, ಒಳಗಿರೋದು ಏನು?

ಮೊಳಕಾಲ್ಮೂರಿನ ವೀಕ್ಷಕರೊಬ್ಬರು ಒಂದು ಫೋಟೊ ಕಳಿಸಿದ್ದಾರೆ. ಅಂಗೈ ಮೇಲೆ ಬೆಂಕಿಪೊಟ್ಟಣದಷ್ಟು ದಪ್ಪದ, ಬೆರಳುದ್ದದ ಒಂದು ಡಬ್ಬಿ. ಪಕ್ಕದಲ್ಲಿ ಕಣ್ಣಿಗೆ ಹಾಕೋ ಔಷಧಿಯಂಥ ಪುಟ್ಟ ಬಾಟಲಿ. ಕೆಳಗೆ ಪ್ರಶ್ನೆ: "ಸರ್, ದಿನಕ್ಕೆ ಎಂಟು ಸಿಗರೇಟು ಸೇದ್ತೀನಿ. ಇದು ರೀಫಿಲ್ ಮಾಡೋ ವೇಪ್. ಸಿಗರೇಟಿಗಿಂತ ವಾಸಿ, ಖರ್ಚೂ ಕಡಿಮೆ, ದಿನಾ ಬಳಸಬಹುದು ಅಂತ ಸ್ನೇಹಿತರು ಕೊಟ್ಟಿದ್ದಾರೆ. ನೀವು ಇಂಜಿನಿಯರಿಂಗ್ ಓದಿದೋರು. ಇದು ಒಳ್ಳೇ ಮಾಲಾ ಹೇಳಿ."

ಪ್ರಶ್ನೆ ನ್ಯಾಯವಾದದ್ದು. ಸೇದೋರು ಸಿಗರೇಟು ಬಿಡೋ ದಾರಿ ಹುಡುಕ್ತಾ ಇದ್ದಾರೆ ಅಂದ್ರೆ ಅವರಿಗೆ ಬುದ್ಧಿವಾದ ಹೇಳಿ ಕಳಿಸೋದು ಉತ್ತರ ಆಗಲ್ಲ. ಮಾಲು ಹೇಗಿದೆ ಅಂತ ಕೇಳಿದ್ದಾರೆ, ಮಾಲನ್ನೇ ಬಿಚ್ಚಿ ನೋಡೋಣ.

ಅದಕ್ಕೂ ಮೊದಲು ಕಾನೂನು, ಎರಡೇ ಮಾತಲ್ಲಿ. ಕರ್ನಾಟಕ 2016ರ ಜೂನ್‌ನಲ್ಲೇ ಇ-ಸಿಗರೇಟನ್ನು ನಿಷೇಧಿಸಿತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ತಂದು, ಅದೇ ವರ್ಷ ಡಿಸೆಂಬರ್‌ನಲ್ಲಿ ಕಾಯ್ದೆ ಮಾಡಿತು. ತಯಾರಿಸೋದು, ಆಮದು, ಸಾಗಣೆ, ಮಾರಾಟ, ಹಂಚಿಕೆ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿದರೆ ಮೂರು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ದಾಸ್ತಾನು ಇಟ್ಟರೆ ಆರು ತಿಂಗಳವರೆಗೆ ಜೈಲು ಅಥವಾ 50 ಸಾವಿರದವರೆಗೆ ದಂಡ. "ಇದರಲ್ಲಿ ನಿಕೋಟಿನ್ ಇಲ್ಲ, ಬರೀ ಫ್ಲೇವರ್" ಅನ್ನೋ ಮಾತು ನಡೆಯಲ್ಲ. ನಿಕೋಟಿನ್ ಇರಲಿ ಬಿಡಲಿ, ಬಿಸಿ ಮಾಡಿ ಆವಿ ಎಳೆಯೋ ಸಾಧನ ಅಂದ್ರೆ ಸಾಕು, ಕಾಯ್ದೆಯ ವ್ಯಾಖ್ಯೆಯೊಳಗೆ ಬಂತು. ಆನ್‌ಲೈನ್‌ನಲ್ಲಿ ವಿದೇಶದಿಂದ ಒಂದು ಬಾಟಲಿ ತರಿಸಿದರೂ ಅದು ಆಮದೇ. ಸೇದೋದಕ್ಕೆ ಇಂತಿಷ್ಟು ಶಿಕ್ಷೆ ಅಂತ ಕಾಯ್ದೆಯಲ್ಲಿ ಪ್ರತ್ಯೇಕವಾಗಿ ಬರೆದಿಲ್ಲ, ನಿಜ. ಜೇಬಲ್ಲಿರೋ ಒಂದು ಡಬ್ಬಿ ದಾಸ್ತಾನು ಆಗುತ್ತಾ ಅಂತ ವಕೀಲರು ಚೆನ್ನಾಗಿ ವಾದ ಮಾಡಬಹುದು. ಆದ್ರೆ ಆ ವಾದ ಶುರುವಾಗೋ ಹೊತ್ತಿಗೆ ನೀವು ಠಾಣೆ ಮೆಟ್ಟಿಲು ಹತ್ತಿ ಆಗಿರುತ್ತೆ.

ಈಗ ಡಬ್ಬಿಗೆ ಬರೋಣ. ಇಂಜಿನಿಯರಿಂಗ್ ಓದಿ ಟಿವಿಗೆ ಯಾಕೆ ಬಂದ್ರಿ ಅಂತ ಮನೆಯಲ್ಲಿ ಇನ್ನೂ ಕೇಳ್ತಾರೆ. ಇಂಥ ದಿನ ಆ ಓದು ಸ್ವಲ್ಪ ಕೆಲಸಕ್ಕೆ ಬರುತ್ತೆ.

ಇದರೊಳಗೆ ಇರೋದು ಮೂರೇ ಸಾಮಾನು. ಒಂದು ಲಿಥಿಯಂ ಬ್ಯಾಟರಿ. ಒಂದು ತೆಳ್ಳನೆಯ ಲೋಹದ ತಂತಿ ಸುರುಳಿ, ಅದನ್ನ ಕಾಯಿಲ್ ಅಂತಾರೆ. ಆ ಸುರುಳಿಗೆ ತಾಗಿಕೊಂಡ ಹತ್ತಿ. ಪಾಡ್ ಅನ್ನೋ ಪುಟ್ಟ ತೊಟ್ಟಿಯಿಂದ ಹತ್ತಿ ದ್ರವ ಹೀರ್ಕೊಳ್ಳುತ್ತೆ, ದೀಪದ ಬತ್ತಿ ಎಣ್ಣೆ ಹೀರೋ ಹಾಗೆ. ನೀವು ಬಾಯಲ್ಲಿ ಎಳೆದ ತಕ್ಷಣ ಒಳಗಿನ ಸೆನ್ಸರ್ ಗಾಳಿಯ ಒತ್ತಡ ನೋಡಿ ಬ್ಯಾಟರಿ ಆನ್ ಮಾಡುತ್ತೆ, ತಂತಿ ಕಾಯುತ್ತೆ, ದ್ರವ ಆವಿಯಾಗಿ ಹೊರಗೆ ಬರುತ್ತೆ. ಬೆಂಕಿ ಇಲ್ಲ, ಬೂದಿ ಇಲ್ಲ. ಇಂದಿನ ಮಾದರಿಯ ಇ-ಸಿಗರೇಟನ್ನು ರೂಪಿಸಿದ್ದು ಚೀನಾದ ಹೊನ್ ಲಿಕ್ ಅನ್ನೋ ಔಷಧ ತಜ್ಞ, 2003ರ ಸುಮಾರಿಗೆ.

ಲೆಕ್ಕ ಸುಲಭ. ಬ್ಯಾಟರಿ 3.7 ವೋಲ್ಟ್, ಕಾಯಿಲ್‌ನ ರೋಧ 1 ಓಮ್ ಅಂತಿಟ್ಕೊಳ್ಳಿ. ವೋಲ್ಟ್‌ನ ವರ್ಗವನ್ನು ಓಮ್‌ನಿಂದ ಭಾಗಿಸಿ: ಸುಮಾರು 13.7 ವ್ಯಾಟ್. ಅದೇ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದಾಗ 4.2 ವೋಲ್ಟ್ ಇರುತ್ತೆ, ಆಗ 17.6 ವ್ಯಾಟ್. ಟಿವಿ ರಿಪೇರಿ ಅಂಗಡಿಯ ಸಾಮಾನ್ಯ ಸೋಲ್ಡರಿಂಗ್ ಕಡ್ಡಿ 25 ವ್ಯಾಟ್‌ನದ್ದು. ಅದರ ಅರ್ಧಕ್ಕಿಂತ ಹೆಚ್ಚು ಶಕ್ತಿ ನಿಮ್ಮ ತುಟಿಯಿಂದ ಒಂದು ಅಂಗುಲ ದೂರದ, ಕೂದಲೆಳೆಯಂಥ ತಂತಿಯಲ್ಲಿ ಕೆಲಸ ಮಾಡ್ತಿರುತ್ತೆ. ಒಳ್ಳೇ ಸಾಧನದಲ್ಲಿ ಒಂದು ಚಿಪ್ ಕೂತು, ಚಾರ್ಜ್ ಎಷ್ಟೇ ಇರಲಿ ಶಕ್ತಿಯನ್ನ ಒಂದೇ ಮಟ್ಟದಲ್ಲಿ ಇಡುತ್ತೆ. ಎಂಟ್ಹತ್ತು ಸೆಕೆಂಡ್ ಆದ ಮೇಲೆ ತಾನೇ ಆಫ್ ಮಾಡುತ್ತೆ, ಶಾರ್ಟ್ ಆದರೆ ನಿಲ್ಲಿಸುತ್ತೆ. ಅಗ್ಗದ್ದರಲ್ಲಿ ಬ್ಯಾಟರಿ ಕೊಟ್ಟಷ್ಟೂ ಕಾಯಿಲ್‌ಗೆ ಹೋಗುತ್ತೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಹೊಳೀತವೆ.

ಬ್ಯಾಟರಿ ಸಿಡಿಯುತ್ತಾ? ಅಪರೂಪ, ಆದ್ರೆ ಆಗಿದೆ. ಅಮೆರಿಕದ ಫ್ಲಾರಿಡಾದಲ್ಲಿ 2018ರಲ್ಲಿ, ಟೆಕ್ಸಾಸ್‌ನಲ್ಲಿ 2019ರಲ್ಲಿ ವೇಪ್ ಸಿಡಿದು ಒಬ್ಬೊಬ್ಬರು ಸತ್ತಿದ್ದಾರೆ. ನಮ್ಮ ದೇಶದಲ್ಲಿ ಮಾರೋ ಲಿಥಿಯಂ ಸೆಲ್‌ಗಳಿಗೆ ಬಿಐಎಸ್ ನೋಂದಣಿ ಕಡ್ಡಾಯ. ನಿಷೇಧಿತ ಮಾಲಿನೊಳಗೆ ಬಂದ ಸೆಲ್ಲನ್ನ ಇಲ್ಲಿ ಯಾರು ಪರೀಕ್ಷೆ ಮಾಡಿರ್ತಾರೆ? ಅದನ್ನ ಮೊಳಕಾಲ್ಮೂರು, ಚಳ್ಳಕೆರೆ ಕಡೆಯ ಏಪ್ರಿಲ್ ಬಿಸಿಲಲ್ಲಿ ಬೈಕಿನ ಡಬ್ಬದಲ್ಲಿ ಬಿಟ್ಟು ಹೋಗೋದನ್ನ ಯೋಚನೆ ಮಾಡಿ.

ಆದ್ರೂ ಹೇಳ್ತೀನಿ, ಯಂತ್ರದ ಬಗ್ಗೆ ನನಗೆ ಅಷ್ಟು ತಕರಾರಿಲ್ಲ. ಯಂತ್ರವನ್ನ ಅಳೀಬಹುದು, ಬಿಚ್ಚಿ ನೋಡಬಹುದು. ನನ್ನ ತಕರಾರು ಇರೋದು ಪಕ್ಕದ ಬಾಟಲಿ ಬಗ್ಗೆ. ರೀಫಿಲ್ ಅನ್ನೋ ಪದದಲ್ಲೇ ಸಮಸ್ಯೆ ಕೂತಿದೆ.

ಬಾಟಲಿಯಲ್ಲಿ ಇರಬೇಕಾದದ್ದು ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ನಿಕೋಟಿನ್, ಮತ್ತೆ ರುಚಿಗೆ ಫ್ಲೇವರ್. ಮೊದಲ ಎರಡೂ ತಿನ್ನೋ ಪದಾರ್ಥಗಳಲ್ಲಿ, ಔಷಧಿಗಳಲ್ಲಿ ಬಳಕೆಯಲ್ಲಿವೆ. ಪ್ರೊಪಿಲೀನ್ ಗ್ಲೈಕಾಲ್ ಕುದಿಯೋದು 188 ಡಿಗ್ರಿಗೆ, ಗ್ಲಿಸರಿನ್ 290ಕ್ಕೆ. ಹತ್ತಿ ಒದ್ದೆ ಇರೋವರೆಗೆ ತಂತಿ ತೀರಾ ಕಾಯಲ್ಲ, ಒಲೆ ಮೇಲೆ ನೀರಿರೋ ಪಾತ್ರೆ ಕಪ್ಪಾಗದ ಹಾಗೆ. ದ್ರವ ಮುಗಿದು ಹತ್ತಿ ಒಣಗಿತೋ, ಶಾಖ ಏರುತ್ತೆ, ಅದೇ ಗ್ಲಿಸರಿನ್ ಒಡೆದು ಅಕ್ರೊಲೀನ್, ಫಾರ್ಮಾಲ್ಡಿಹೈಡ್ ಹುಟ್ಟುತ್ತೆ. ಒಗ್ಗರಣೆ ಎಣ್ಣೆ ಹೊಗೆಯಾಡಿದಾಗ ಕಣ್ಣು, ಮೂಗು ಉರಿಯುತ್ತಲ್ಲ, ಅದರ ಹಿಂದಿರೋದೂ ಈ ಅಕ್ರೊಲೀನೇ. ದಿನವಿಡೀ ಸೇದೋರು ಪಾಡ್‌ನಲ್ಲಿ ಎಷ್ಟು ಉಳಿದಿದೆ ಅಂತ ಪ್ರತಿ ಸಲ ಕಣ್ಣಿಟ್ಟು ನೋಡ್ತಾರಾ?

ಫ್ಲೇವರ್ ಕಥೆ ಇನ್ನೊಂದು. "ತಿನ್ನೋಕೆ ಸುರಕ್ಷಿತ" ಅಂತ ಬರೆದಿರುತ್ತೆ. ತಿನ್ನೋದು ಹೊಟ್ಟೆಗೆ, ಎಳೆಯೋದು ಶ್ವಾಸಕೋಶಕ್ಕೆ. ಬೆಣ್ಣೆಯ ಪರಿಮಳ ಕೊಡೋ ಡಯಾಸಿಟೈಲ್ ತಿಂದರೆ ತೊಂದರೆ ಇಲ್ಲ. ಅಮೆರಿಕದ ಮಿಸ್ಸೌರಿಯ ಪಾಪ್‌ಕಾರ್ನ್ ಕಾರ್ಖಾನೆಯಲ್ಲಿ ಅದರ ಆವಿ ಕುಡಿದ ಕಾರ್ಮಿಕರ ಶ್ವಾಸನಾಳಗಳು ಮತ್ತೆ ಸರಿಯಾಗದ ಹಾಗೆ ಕೆಟ್ಟವು. ಅದು ಬೆಳಕಿಗೆ ಬಂದದ್ದು 2000ದಲ್ಲಿ.

ಚಳ್ಳಕೆರೆಯೋರಿಗೆ ಎಣ್ಣೆ ಬಗ್ಗೆ ನಾನೇನು ಹೇಳೋದು, ಗಿರಣಿಗಳ ಊರು ಅದು. ಆದ್ರೆ ಈ ಒಂದು ಎಣ್ಣೆ ಕಥೆ ಕೇಳಿ. 2019ರಲ್ಲಿ ಅಮೆರಿಕದಲ್ಲಿ ವೇಪ್ ಸೇದೋ ಹುಡುಗರು ಸಾಲುಸಾಲಾಗಿ ಉಸಿರು ಕಟ್ಟಿ ಆಸ್ಪತ್ರೆ ಸೇರಿದರು. 2020ರ ಫೆಬ್ರವರಿ ಹೊತ್ತಿಗೆ ಲೆಕ್ಕಕ್ಕೆ ಸಿಕ್ಕ ಪ್ರಕರಣ 2,807, ಅದರಲ್ಲಿ 68 ಸಾವು. ಹುಡುಕಿದಾಗ ಪ್ರಮುಖವಾಗಿ ಕಂಡಿದ್ದು ವಿಟಮಿನ್ ಇ ಅಸಿಟೇಟ್, ಒಂದು ಬಗೆಯ ಎಣ್ಣೆ. ಚರ್ಮಕ್ಕೆ ಹಚ್ಚೋ ಕ್ರೀಮಿನಲ್ಲಿ, ನುಂಗೋ ಮಾತ್ರೆಯಲ್ಲಿ ಇರೋದು ಅದೇ. ಕಾಳದಂಧೆಯವರು ಗಾಂಜಾ ಸಾರದ ವೇಪ್‌ಗಳಲ್ಲಿ ದ್ರವವನ್ನ ಮಂದ ಮಾಡೋಕೆ ಅದನ್ನ ಬೆರೆಸಿದ್ದರು. ಅಂಗಡಿಯಲ್ಲಿ ಕಾನೂನುಬದ್ಧವಾಗಿ ಮಾರೋ ನಿಕೋಟಿನ್ ವೇಪ್‌ನಿಂದ ಇಷ್ಟೊಂದು ಸಾವಾಯ್ತು ಅಂತ ಯಾರಾದ್ರೂ ಹೇಳಿದರೆ ಅದು ತಪ್ಪು. ಬಹುಪಾಲು ಕದ್ದುಮುಚ್ಚಿ ಮಾರಿದ ಮಾಲಿನಿಂದ ಆದದ್ದು. ಸರಿ, ನಮ್ಮಲ್ಲಿ ಕದ್ದುಮುಚ್ಚಿ ಮಾರದ ಮಾಲು ಎಲ್ಲಿದೆ?

ಇಲ್ಲಿಗೇ ನಾನು ಬರಬೇಕಿತ್ತು. ಬ್ರಿಟನ್‌ನಲ್ಲಿ ವೇಪ್ ಕಾನೂನುಬದ್ಧ. ಅಲ್ಲಿನ ನಿಯಮ ನೋಡಿ: ತೊಟ್ಟಿ 2 ಮಿಲಿಲೀಟರ್ ಮೀರಬಾರದು, ನಿಕೋಟಿನ್ ಮಿಲಿಗೆ 20 ಮಿಲಿಗ್ರಾಂ ಮೀರಬಾರದು, ಬಾಟಲಿ 10 ಮಿಲಿ ದಾಟಬಾರದು, ಏನೇನು ಬೆರೆಸಿದ್ದೀರಿ ಅಂತ ಸರ್ಕಾರಕ್ಕೆ ಮೊದಲೇ ತಿಳಿಸಿರಬೇಕು. ಸಿಗರೇಟಿಗಿಂತ ಹಾನಿ ಕಡಿಮೆ, ಹಾಗಂತ ಅಪಾಯ ಇಲ್ಲದ್ದಲ್ಲ ಅಂತ ಅಲ್ಲಿನ ಆರೋಗ್ಯ ಇಲಾಖೆಯೇ ಹೇಳುತ್ತೆ. ನಿಕೋಟಿನ್ ಚೂಯಿಂಗ್ ಗಮ್‌ಗಿಂತ ವೇಪ್‌ನಿಂದ ಸಿಗರೇಟು ಬಿಟ್ಟವರು ಹೆಚ್ಚು ಅಂತ ಹೇಳೋ ಒಳ್ಳೇ ಅಧ್ಯಯನಗಳೂ ಇವೆ, ಮುಚ್ಚಿಡೋದೇಕೆ. ಅದೇ ಬ್ರಿಟನ್ ಮಕ್ಕಳ ಕೈಗೆ ಸಿಕ್ತಾ ಇದೆ ಅಂತ 2025ರ ಜೂನ್ 1ರಿಂದ ಬಳಸಿ ಬಿಸಾಡೋ ವೇಪ್‌ಗಳನ್ನ ನಿಷೇಧಿಸಿದೆ. ನಿಮ್ಮ ಸ್ನೇಹಿತರು "ವಾಸಿ" ಅಂದದ್ದು ಅಲ್ಲಿನ ಬಾಟಲಿಗೆ ಹೊಂದುತ್ತೆ. ನಿಮ್ಮ ಫೋಟೊದಲ್ಲಿರೋ ಬಾಟಲಿಯ ಮೇಲೆ ಮಾವಿನಹಣ್ಣಿನ ಚಿತ್ರ ಇದೆ, ತಯಾರಿಸಿದವರ ವಿಳಾಸ ಇಲ್ಲ.

ಮೊಳಕಾಲ್ಮೂರಿನ ರೇಷ್ಮೆ ಸೀರೆ ಕೊಳ್ಳೋರು ಏನು ಮಾಡ್ತಾರೆ? ಅನುಮಾನ ಬಂದರೆ ಒಂದೆಳೆ ಕಿತ್ತು ಸುಟ್ಟು ನೋಡ್ತಾರೆ. ಅಸಲಿ ರೇಷ್ಮೆ ಕೂದಲು ಸುಟ್ಟ ವಾಸನೆ ಬರುತ್ತೆ, ಕೈಯಲ್ಲಿ ಉಜ್ಜಿದರೆ ಪುಡಿಯಾಗುತ್ತೆ. ಪಾಲಿಯೆಸ್ಟರ್ ಕರಗಿ ಗಂಟು ಕಟ್ಟುತ್ತೆ. ಈ ಬಾಟಲಿಗೆ ಅಂಥ ಮನೆ ಪರೀಕ್ಷೆ ಒಂದೂ ಇಲ್ಲ. ಒಳಗಿರೋ ನಿಕೋಟಿನ್ 20 ಮಿಲಿಗ್ರಾಮೋ 50 ಮಿಲಿಗ್ರಾಮೋ ನಾಲಿಗೆಗೆ ಗೊತ್ತಾಗಲ್ಲ. ಯಾಕಂದ್ರೆ ಈಗಿನ ದ್ರವಗಳಲ್ಲಿ ನಿಕೋಟಿನ್‌ಗೆ ಬೆಂಜೋಯಿಕ್ ಆಮ್ಲ ಸೇರಿಸಿ ಲವಣ ಮಾಡಿರ್ತಾರೆ, ಎಷ್ಟೇ ಇದ್ದರೂ ಗಂಟಲು ಕೆರೆಯಲ್ಲ. ಅಮೆರಿಕದ ಜೂಲ್ 2015ರಲ್ಲಿ ಜನಪ್ರಿಯ ಮಾಡಿದ್ದು ಇದನ್ನೇ.

ಈಗ ದಿನಾ ಬಳಸೋ ಲೆಕ್ಕ. ಒಂದು ಸಿಗರೇಟಿನಿಂದ ದೇಹಕ್ಕೆ ಹೋಗೋ ನಿಕೋಟಿನ್ ಸುಮಾರು 1ರಿಂದ 2 ಮಿಲಿಗ್ರಾಂ. ಎಂಟಕ್ಕೆ 8ರಿಂದ 16. ಮಿಲಿಗೆ 50 ಮಿಲಿಗ್ರಾಂ ಇರೋ ದ್ರವವನ್ನ 2 ಮಿಲಿ ತುಂಬಿಸಿದರೆ ಪಾಡ್‌ನಲ್ಲಿ 100 ಮಿಲಿಗ್ರಾಂ. ಎಲ್ಲವೂ ಮೈಗೆ ಹತ್ತಲ್ಲ, ಒಪ್ಕೊಳ್ತೀನಿ. ಆದ್ರೆ ಸಿಗರೇಟಿಗೆ ಒಂದು ಕೊನೆ ಇದೆ: ಬೆರಳು ಸುಡುತ್ತೆ, ಬಿಸಾಡ್ತೀರಿ, ಇನ್ನೊಂದು ಬೇಕಂದ್ರೆ ಎದ್ದು ಅಂಗಡಿಗೆ ಹೋಗಬೇಕು, ಹೋಗೋ ದಾರಿಯಲ್ಲಿ ಮನಸ್ಸು ಬದಲಾಗಲೂಬಹುದು. ಇದಕ್ಕೆ ಕೊನೆ ಇಲ್ಲ. ವಾಸನೆ ಬರಲ್ಲ ಅಂತ ಮನೆಯೊಳಗೆ, ಹಾಸಿಗೆಯಲ್ಲಿ, ಬಸ್ಸಿನ ಕಿಟಕಿ ಪಕ್ಕ ಎರಡೆರಡು ದಮ್ಮು. ದಿನಕ್ಕೆ ಎಂಟು ಸಲ ಇದ್ದದ್ದು ಎಷ್ಟು ಸಲ ಆಯ್ತು ಅಂತ ಲೆಕ್ಕವೇ ತಪ್ಪುತ್ತೆ. ಖರ್ಚು ಕಡಿಮೆ ಅಂದ ಸ್ನೇಹಿತರನ್ನ ಆರು ತಿಂಗಳಾದ ಮೇಲೆ ಕೇಳಿ. ಬೇಕಾದರೆ ಸಿಗರೇಟನ್ನೂ ಬಿಟ್ಟಿದ್ದೀರಾ ಅಂತ ಕೇಳಿ. ಬಹಳ ಜನ ಎರಡನ್ನೂ ಇಟ್ಕೊಂಡಿರ್ತಾರೆ, ಆಗ ಲಾಭ ಸೊನ್ನೆ.

"ಹಾಗಾದ್ರೆ ಸರ್ಕಾರ ಸಿಗರೇಟು ಯಾಕೆ ನಿಷೇಧ ಮಾಡಲ್ಲ?" ಈ ಪ್ರಶ್ನೆ ಬಂದೇ ಬರುತ್ತೆ, ಬರಬೇಕು ಕೂಡ. ಹುಣಸೂರು, ಪಿರಿಯಾಪಟ್ಟಣದಲ್ಲಿ ತಂಬಾಕು ಬೆಳೆಯೋ ರೈತರಿದ್ದಾರೆ, ಹರಾಜು ಮಾಡೋಕೆ ಮಂಡಳಿ ಇದೆ, ಖಜಾನೆಗೆ ತೆರಿಗೆ ಬರುತ್ತೆ. ಸುಡೋ ತಂಬಾಕನ್ನ ಪ್ರತಿ ಮೂಲೆಯಲ್ಲಿ ಮಾರೋಕೆ ಬಿಟ್ಟು, ಸುಡದ್ದನ್ನ ಮಾತ್ರ ನಿಷೇಧಿಸಿದ್ದು ತರ್ಕಕ್ಕೆ ಸರಿಹೊಂದಲ್ಲ ಅಂತ ನಾನೂ ಹೇಳ್ತೀನಿ. ಆದ್ರೆ ಸರ್ಕಾರದ ತರ್ಕ ತಪ್ಪಿದ ಮಾತ್ರಕ್ಕೆ ನಿಮ್ಮ ಬಾಟಲಿಯೊಳಗಿರೋದು ಸರಿಯಾಗಲ್ಲ. ಇನ್ನೊಂದು ವಿಷಯ: ನಮ್ಮ ರಾಜ್ಯದಲ್ಲಿ ತಂಬಾಕು ಅಂದ್ರೆ ಹೆಚ್ಚಾಗಿ ಹೊಗೆಯಲ್ಲ. 2016-17ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಸೇದೋರು ನೂರಕ್ಕೆ 8.8, ಹೊಗೆರಹಿತ ತಂಬಾಕು ಬಳಸೋರು 16.3. ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕೋ ಅಜ್ಜಿಗೂ, ಗುಟ್ಕಾ ಚೀಟಿ ಹರಿಯೋ ಹುಡುಗನಿಗೂ ಈ ಡಬ್ಬಿ ಯಾವ ಪರಿಹಾರವೂ ಅಲ್ಲ.

ಹಾಗಾಗಿ ನನ್ನ ಉತ್ತರ ಇಷ್ಟೇ ಸರ್: ಡಬ್ಬಿ ಚೆನ್ನಾಗೇ ಇರಬಹುದು, ದಿನಾ ಬಳಸೋಕೆ ನಾನು ಹೂಂ ಅನ್ನಲ್ಲ.

ಬದಲಿಗೆ ಏನು? ಲೆಕ್ಕ ಗೊತ್ತಿರೋ ನಿಕೋಟಿನ್ ಮೆಡಿಕಲ್ ಶಾಪಿನಲ್ಲೇ ಸಿಗುತ್ತೆ. 2 ಮಿಲಿಗ್ರಾಂನ ನಿಕೋಟಿನ್ ಗಮ್‌ಗೆ ವೈದ್ಯರ ಚೀಟಿಯೂ ಬೇಡ. ನಿಮ್ಮ ಎಂಟು ಸಿಗರೇಟಿಗೆ ಆ ಪ್ರಮಾಣ ಸಾಕಾಗುತ್ತೆ. ಬಬಲ್ ಗಮ್ ಥರ ಸತತ ಅಗಿಯಬಾರದು. ನಾಲ್ಕಾರು ಸಲ ಅಗಿದು, ಖಾರ ಖಾರ ಅನ್ನಿಸಿದ ಕೂಡಲೇ ಕೆನ್ನೆ ಮತ್ತು ದವಡೆ ಮಧ್ಯೆ ಇಡಿ, ಖಾರ ಇಳಿದ ಮೇಲೆ ಮತ್ತೆ ಅಗಿಯಿರಿ, ಅರ್ಧ ಗಂಟೆ. ಟೀ, ಕಾಫಿ ಕುಡಿದ ಹದಿನೈದು ನಿಮಿಷದೊಳಗೆ ಬಾಯಿಗೆ ಹಾಕಿದರೆ ಕೆಲಸ ಮಾಡಲ್ಲ. ನಮ್ಮೋರು ತಪ್ಪೋದೇ ಇಲ್ಲಿ. ಹೃದಯದ ತೊಂದರೆ ಇರೋರು, ಗರ್ಭಿಣಿಯರು ವೈದ್ಯರನ್ನ ಕೇಳಿಯೇ ಮುಂದುವರಿಯಬೇಕು. ಮಾತಾಡೋಕೆ ಯಾರಾದರೂ ಬೇಕಂದ್ರೆ ಸಿಗರೇಟು ಪ್ಯಾಕಿನ ಮೇಲೇ ಅಚ್ಚು ಹಾಕಿರೋ ನಂಬರ್ ಇದೆ: 1800-11-2356. ದುಡ್ಡು ಬೀಳಲ್ಲ. ಈ ಸೇವೆಯ ಒಂದು ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಇದೆ, ಕನ್ನಡದಲ್ಲಿ ಮಾತಾಡಬಹುದು.

ಕೈಯಲ್ಲಿರೋ ಡಬ್ಬಿಯನ್ನ "ನನಗೆ ಬೇಡ, ನೀನಿಟ್ಕೋ" ಅಂತ ಇನ್ನೊಬ್ಬರಿಗೆ ಕೊಡಬೇಡಿ, ಕಾಯ್ದೆಯ ಕಣ್ಣಲ್ಲಿ ಅದೂ ಹಂಚಿಕೆ ಆಗಬಹುದು. ಕಸದ ಜೊತೆ ಬೆಂಕಿಗೆ ಹಾಕಬೇಡಿ, ಒಳಗೆ ಲಿಥಿಯಂ ಇದೆ. ಇನ್ನು ಆ ಪುಟ್ಟ ಬಾಟಲಿ: ಮಿಲಿಗೆ 20 ಮಿಲಿಗ್ರಾಂ ಅಂದ್ರೂ ಹತ್ತು ಮಿಲಿಯಲ್ಲಿ 200 ಮಿಲಿಗ್ರಾಂ ನಿಕೋಟಿನ್. 2014ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಒಂದು ವರ್ಷದ ಮಗು ಇಂಥ ದ್ರವ ಕುಡಿದು ಸತ್ತಿತ್ತು. ಚರ್ಮಕ್ಕೆ ಚೆಲ್ಲಿದರೂ ಒಳಗಿಳಿಯುತ್ತೆ, ತಕ್ಷಣ ಸೋಪು ಹಾಕಿ ತೊಳೀಬೇಕು. ಮಾವಿನಹಣ್ಣಿನ ಚಿತ್ರ ಇರೋ ಆ ಬಾಟಲಿ ಇವತ್ತು ರಾತ್ರಿ ನಿಮ್ಮ ಮನೆಯಲ್ಲಿ ಯಾವ ಎತ್ತರದಲ್ಲಿದೆ, ಮೊದಲು ಅದನ್ನ ನೋಡಿ.