ಗಾದರಿಗೆ ಕಿಡ್ನಿ ಕಸಿಯ ಮಾತ್ರೆಯೇ?

ಮೈಮೇಲೆ ಗಾದರಿ ಎದ್ದರೆ ಪಿತ್ತ ಕೆದರಿದೆ ಎನ್ನುತ್ತೇವೆ. ಬದನೆಕಾಯಿ ಬಿಡು, ಶೇಂಗಾ ಬಿಡು ಎಂಬಲ್ಲಿಂದ ಔಷಧೋಪಚಾರ ಶುರು. ನಾಲ್ಕು ದಿನದ ಗಾದರಿಯಾದರೆ ಅಷ್ಟಕ್ಕೇ ಮುಗಿಯಲೂಬಹುದು. ಆರು ವಾರ ದಾಟಿಯೂ ದಿನಾ ಎಂಬಂತೆ ಏಳುವ ಗಾದರಿಯ ಲೆಕ್ಕವೇ ಬೇರೆ. ಅದರಲ್ಲಿ ತಿಂದದ್ದರ ಪಾಲು ತೀರ ಕಡಿಮೆ. ಬಹಳ ಮಂದಿಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಚರ್ಮದೊಳಗಿನ ಮಾಸ್ಟ್ ಕೋಶಗಳನ್ನು ಕೆಣಕಿ ಹಿಸ್ಟಮಿನ್ ಸುರಿಸುತ್ತಿರುತ್ತದೆ. ಲಂಗದ ಲಾಡಿ ಬಿಗಿದ ಸೊಂಟದ ಸುತ್ತ ಕೆಂಪು ಬರೆ, ಬೆಳಗಾಗುವಷ್ಟರಲ್ಲಿ ಊದಿದ ತುಟಿ. ಒಂದೊಂದು ಗಾದರಿಯೂ 24 ಗಂಟೆಯೊಳಗೆ ಗುರುತು ಉಳಿಸದೆ ಇಳಿಯುವುದರಿಂದ, ನಮ್ಮ ತೆಲಂಗಾಣದ ರಾಜೋಳಿಯವರು ಕರ್ನೂಲಿಗೋ ಮಕ್ತಲದವರು ರಾಯಚೂರಿಗೋ ಬಸ್ ಹಿಡಿದು ಹೋಗಿ ಡಾಕ್ಟರ ಮುಂದೆ ಕೂರುವ ಹೊತ್ತಿಗೆ ತೋರಿಸಲು ಏನೂ ಇರುವುದಿಲ್ಲ. (ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡಿರಬೇಕು.)

ಅಂತರರಾಷ್ಟ್ರೀಯ ಮಾರ್ಗಸೂಚಿಯಂತೆ ಮೊದಲು ಹಿಸ್ಟಮಿನ್ ತಡೆಯುವ ಲೆವೊಸೆಟಿರಿಜಿನ್‌ನಂಥ ಮಾತ್ರೆ; ಸಾಲದಿದ್ದರೆ ವೈದ್ಯರ ನಿಗಾದಲ್ಲಿ ಅದನ್ನೇ ನಾಲ್ಕು ಪಟ್ಟಿನವರೆಗೆ ಏರಿಸುವುದು; ಆಮೇಲೆ ನಾಲ್ಕು ವಾರಕ್ಕೊಮ್ಮೆ ಒಮಾಲಿಜುಮ್ಯಾಬ್ ಚುಚ್ಚುಮದ್ದು; ಅದಕ್ಕೂ ಬಗ್ಗದಿದ್ದರೆ ಸೈಕ್ಲೋಸ್ಪೊರಿನ್. ಈ ಕೊನೆಯದು ಕಿಡ್ನಿ ಕಸಿಯಾದವರು ನುಂಗುವ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ. ಒಮಾಲಿಜುಮ್ಯಾಬಿನ ಬೆಲೆ ಮಗ್ಗದ ಕೂಲಿಗೆ ಎಟುಕುವಂಥದ್ದಲ್ಲ. ಹಾಗಾಗಿ ನಮ್ಮ ಕಡೆ ಎಷ್ಟೋ ಸಲ ಅದನ್ನು ಬಿಟ್ಟು ನೇರ ಸೈಕ್ಲೋಸ್ಪೊರಿನ್‌ಗೇ ಬರಬೇಕಾಗುತ್ತದೆ. ಮನೆಯವರು ಹೌಹಾರುವುದು ಇಲ್ಲಿಯೇ: ತುರಿಕೆಗೆ ಇಷ್ಟು ಜೋರಿನ ಔಷಧವೇ?

ಅದೇ ಮನೆಯವರು ಊರಿನ ಆರ್‌ಎಂಪಿ ಡಾಕ್ಟರ ಹತ್ತಿರ ಏವಿಲ್ ಜೊತೆ ಡೆಕ್ಸೋನಾ ಚುಚ್ಚಿಸಿಕೊಳ್ಳಲು ಅಂಜುವುದಿಲ್ಲ. ಡೆಕ್ಸೋನಾ ಎಂದರೆ ಸ್ಟೆರಾಯ್ಡ್; ಅದೂ ನಿರೋಧಕ ಶಕ್ತಿಯನ್ನು ತಗ್ಗಿಸುವುದೇ. ಸಂಜೆಯೊಳಗೆ ತುರಿಕೆ ನಿಲ್ಲುತ್ತದೆ, ಕೆಲ ದಿನಕ್ಕೆ ಗಾದರಿ ಮತ್ತೆ ಹಾಜರ್. ಹೀಗೇ ತಿಂಗಳುಗಟ್ಟಲೆ ನಡೆದರೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ. ಮಾರ್ಗಸೂಚಿ ಸ್ಟೆರಾಯ್ಡಿಗೆ ಕೊಡುವ ಗಡುವು ಹೆಚ್ಚೆಂದರೆ 10 ದಿನ. ಜನ ಹೆದರುವ ಜಾತಿಯ ಔಷಧ ಆ ಮನೆಗೆ ಆಗಲೇ ಹೊಕ್ಕಾಗಿದೆ, ಲೆಕ್ಕವಿಲ್ಲದೆ, ರಕ್ತಪರೀಕ್ಷೆಯಿಲ್ಲದೆ. ಅದರ ಬದಲು ಅಳೆದು ಕೊಡುವ ಸೈಕ್ಲೋಸ್ಪೊರಿನ್ ಮೇಲು ಎಂಬುದೇ ನನ್ನ ವಾದ.

ಪುರಾವೆ ದೊಡ್ಡದೇನಲ್ಲ, ಆದರೆ ಇದೆ. 2000ದಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೊಂದರಲ್ಲಿ ಸೈಕ್ಲೋಸ್ಪೊರಿನ್ ಪಡೆದ 19 ಜನರಲ್ಲಿ 8 ಮಂದಿಗೆ ನಾಲ್ಕೇ ವಾರದಲ್ಲಿ ಗುಣ ಕಂಡಿತು. ಹುಸಿಗುಳಿಗೆ ಪಡೆದ 10 ಜನರಲ್ಲಿ ಒಬ್ಬರಿಗೂ ಇಲ್ಲ. ಚಂಡೀಗಢದ ಪಿಜಿಐ ವೈದ್ಯರು 80 ರೋಗಿಗಳಲ್ಲಿ ಅಝಥಯೋಪ್ರಿನ್ ಮಾತ್ರೆಯನ್ನು ಸೈಕ್ಲೋಸ್ಪೊರಿನ್‌ನೊಡನೆ ಹೋಲಿಸಿ, ಅದೂ ಹಿಂದೆ ಬಿದ್ದಿಲ್ಲವೆಂದು 2019ರಲ್ಲಿ ವರದಿ ಮಾಡಿದರು. ಹಾಗೆಂದು ಈ ಗುಂಪಿನ ಔಷಧಗಳೆಲ್ಲ ಒಂದೇ ಅಲ್ಲ: ದೆಹಲಿಯ ಏಮ್ಸ್‌ನ ಸಣ್ಣ ಪ್ರಯೋಗದಲ್ಲಿ ಮೆಥೊಟ್ರೆಕ್ಸೇಟ್‌ನಿಂದ ಹೆಚ್ಚಿನ ಲಾಭ ಕಾಣಲಿಲ್ಲ.

ಈ ಕಾಯಿಲೆ ಹೆಚ್ಚಿನವರಲ್ಲಿ ಕೆಲವು ವರ್ಷಕ್ಕೆ ತಾನೇ ಅಡಗುತ್ತದೆ, ಕಾಯಬಾರದೇಕೆ ಎನ್ನುವವರಿದ್ದಾರೆ. ರಾತ್ರಿಯೆಲ್ಲ ಕೆರೆದುಕೊಂಡು ಬೆಳಿಗ್ಗೆ ಮಗ್ಗದ ಕುಣಿಗೆ ಇಳಿಯುವವರಿಗೆ ಆ ಮಾತು ಹೇಳುವುದು ಕಷ್ಟ. ತಾನೇ ಅಡಗುವ ಕಾಯಿಲೆಯಾದ್ದರಿಂದಲೇ ಸಾಮಾನ್ಯವಾಗಿ ಔಷಧವನ್ನು ಕೆಲವು ತಿಂಗಳು ಕೊಟ್ಟು ಇಳಿಸುತ್ತ ಬರಬಹುದು. ಕಿಡ್ನಿಯ ಭಯಕ್ಕೆ ಮಾತ್ರ ಆಧಾರವಿದೆ: ಸೈಕ್ಲೋಸ್ಪೊರಿನ್ ಬಿಪಿ ಏರಿಸಬಲ್ಲದು, ಕ್ರಿಯಾಟಿನಿನ್ ಹೆಚ್ಚಿಸಬಲ್ಲದು. ಎರಡನ್ನೂ ಅಳೆಯಲು ಹೈದರಾಬಾದಿಗೆ ಹೋಗಬೇಕಿಲ್ಲ. ಬಿಪಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ನೋಡುತ್ತಾರೆ. ಅಲ್ಲಿ ಕೊಟ್ಟ ರಕ್ತವನ್ನು ಗದ್ವಾಲದ ತೆಲಂಗಾಣ ಡಯಾಗ್ನೋಸ್ಟಿಕ್ಸ್ ಕೇಂದ್ರಕ್ಕೆ ಕಳಿಸಿ ಉಚಿತವಾಗಿ ಪರೀಕ್ಷಿಸುವ ವ್ಯವಸ್ಥೆಯಿದೆ. ಕ್ಷಯ ಇಷ್ಟೊಂದಿರುವ ದೇಶದಲ್ಲಿ ಔಷಧ ಶುರುಮಾಡುವ ಮೊದಲು ಅದರ ತಪಾಸಣೆಯೂ ಆಗಲಿ.

ಆರು ವಾರ ದಾಟಿದ ಗಾದರಿಯಿದ್ದವರು ಚರ್ಮವೈದ್ಯರ ಬಳಿ ಹೋಗುವಾಗ, ಇದುವರೆಗೆ ಚುಚ್ಚಿಸಿಕೊಂಡ ಇಂಜೆಕ್ಷನ್ನುಗಳ ಚೀಟಿಗಳನ್ನೂ ನುಂಗುತ್ತಿರುವ ನೋವಿನ ಮಾತ್ರೆಯ ಪಟ್ಟಿಯನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ. ಡೈಕ್ಲೋಫಿನ್ಯಾಕ್‌ನಂಥ ನೋವಿನ ಮಾತ್ರೆ ಕೆಲವರಲ್ಲಿ ಗಾದರಿಯನ್ನೂ ಕೆರಳಿಸುತ್ತದೆ, ಸೈಕ್ಲೋಸ್ಪೊರಿನ್ ಜೊತೆ ಸೇರಿದರೆ ಕಿಡ್ನಿಗೂ ಪೆಟ್ಟು ಕೊಡಬಲ್ಲದು.